ಬಳೆ ಒಡೆಯಲು ಅಪ್ಪಣೆ

ಬಾದಾಮಿ
೨೬ ಅಕ್ಟೋಬರ್ ೧೯೦೩

ಬಾಗಲಕೋಟೆಯ ಬೀಗಿತ್ತಿ ತುಳಸೀಬಾಯಿಯವರಿಗೆ ಬಾದಾಮಿಯಿಂದ ಮಥುರಾಬಾಯಿ ಮಾಡುವ ನಮಸ್ಕಾರಗಳು.

ನಿಮ್ಮ ಸೊಸೆ, ನಮ್ಮ ಮಗಳು ಗೋದಾವರಿ ನಿನ್ನೆ ಮಧ್ಯಾಹ್ನದ ರೈಲುಗಾಡಿಗೆ ಸುಖವಾಗಿ ಬಂದು ಮುಟ್ಟಿದಳು. ನಿಮ್ಮ ಊರಲ್ಲಿ ಇಲಿ ಸತ್ತು ಬಿದ್ದ ಸುದ್ದಿ ತಿಳಿದ ಕೂಡಲೇ, ಪ್ಲೇಗು ಹಬ್ಬುವ ಮೊದಲೇ, ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸಿಕೊಟ್ಟಿರಿ. ಅದು ದೊಡ್ಡ ಉಪಕಾರ. ಏಳನೆಯ ತಿಂಗಳ ಕುಬಸವನ್ನೂ ಆ ಗಡಿಬಿಡಿಯಲ್ಲಿ ಏನೂ ಕಡಿಮೆಯಾಗದಂತೆ ಮಾಡಿದ್ದೀರಿ. ಇಳಕಲ್ಲಿನ ಹಸಿರು ಸೀರೆಯ ಸೆರಗನ್ನು ನಮ್ಮ ಓಣಿಯ ಹೆಂಗಸರೆಲ್ಲ ಹಿಡಿದು ಹಿಡಿದು ನೋಡಿ ಹೋದರು. ಬನಶಂಕರಿಯ ಪಾದಕ್ಕೆ ಮುಟ್ಟಿಸಿ ತಂದ ಹಸಿರು ಬಳೆಗಳನ್ನು ನಿಮ್ಮ ಊರಿನ ಬಳೆಗಾರ್ತಿ ಲಾಡಬಿ ಎರಡೂ ಕೈಗೆ ಒತ್ತೊತ್ತಾಗಿ ಏರಿಸಿದ್ದಾಳೆ. ಹೆರಿಗೆಯ ತನಕ ಅವು ಕೈಯಿಂದ ಇಳಿಯಬಾರದು, ಗಂಡನ ಆಯುಷ್ಯಕ್ಕೆ ಅದು ಒಳ್ಳೆಯದಲ್ಲ ಎಂಬ ನಿಮ್ಮ ಮನೆತನದ ಪದ್ಧತಿ ನನಗೆ ಗೊತ್ತಿದೆ. ನಾನು ಕಣ್ಣಲ್ಲಿ ಎಣ್ಣೆ ಹಾಕಿಕೊಂಡು ಕಾಯುತ್ತೇನೆ.

ಒಂದು ಸಣ್ಣ ಮಾತು. ಟಾಂಗಾದಿಂದ ಇಳಿಯುವಾಗ ಬಲಗೈ ಗಾಲಿಯ ಪಟ್ಟಿಗೆ ತಾಗಿ ಒಂದು ಬಳೆ ಹೆಚ್ಚಿತು. ಬಸುರಿಯ ಬಳೆ ಒಡೆಯಿತು ಎಂದು ಬಾಯಿಂದ ಅನ್ನಬಾರದಲ್ಲ, ಹಾಗಾಗಿ ಹೆಚ್ಚಿತು ಎಂದೇ ತಿಳಿಯಿರಿ. ಮಣಿಕಟ್ಟಿಗೆ ಚೂರು ತಾಗಿ ಒಂದು ಹನಿ ರಕ್ತ ಬಂತು. ಅರಿಷಿಣ ಒತ್ತಿದೆ, ನಿಂತುಹೋಯಿತು. ಉಳಿದ ಬಳೆಗಳಿಗೆ ಏನೂ ಆಗಿಲ್ಲ.

ಹುಡುಗಿ ಸ್ವಲ್ಪ ಸೊರಗಿದ್ದಾಳೆ. ನಿಮ್ಮ ಮನೆಯಲ್ಲಿ ಕೆಲಸ ಹೆಚ್ಚಿತ್ತೇನೋ. ಇಲ್ಲಿ ಮೈ ಹಿಡಿಯುತ್ತಾಳೆ, ಚಿಂತಿಸಬೇಡಿರಿ.

ಮಥುರಾಬಾಯಿ


ಬಾಗಲಕೋಟೆ, ಊರ ಹೊರಗಿನ ಗುಡಿಸಲು
೩೦ ಅಕ್ಟೋಬರ್ ೧೯೦೩

ಸೌಭಾಗ್ಯವತಿ ಮಥುರಾಬಾಯಿಯವರಿಗೆ ತುಳಸೀಬಾಯಿಯ ನಮಸ್ಕಾರ.

ಕಾಗದ ಮುಟ್ಟಿತು. ಗೋದೂ ಸೊರಗಿದ್ದಾಳೆ ಎಂದು ಬರೆದಿದ್ದೀರಿ. ಸೊರಗದೆ ಏನು ಮಾಡಿಯಾಳು, ಪಾಪ! ಮುಂಜಾನೆ ಬೆಣ್ಣೆ ಹಚ್ಚಿದ ಭಕ್ರಿ, ಮಧ್ಯಾಹ್ನ ಊಟ, ಸಂಜೆ ನಾನು ಮಾಡಿಟ್ಟ ಉಂಡಿ, ನಡುವೆ ಬೆಕ್ಕಿಗೆ ಸಿಗದಂತೆ ನೆಲುವಿನ ಮೇಲಿಟ್ಟ ಕೆನೆ. ಬೆಕ್ಕಿಗೆ ಸಿಗಲಿಲ್ಲ, ಸೊಸೆಗೆ ಸಿಕ್ಕಿತು. ಇಷ್ಟರ ಮೇಲೂ ಸೊರಗಿದರೆ ಅದು ತವರಿನ ನೆನಪಿನಿಂದಲೇ ಇರಬೇಕು.

ಇತ್ತ ಊರು ಬರಿದಾಗಿದೆ. ನಾವೆಲ್ಲ ಹೊಲದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡಿದ್ದೇವೆ. ಎಡಕ್ಕೆ ಗುರುಲಿಂಗವ್ವ, ಬಲಕ್ಕೆ ಲಾಡಬಿ. ಮಡಿ ಮೈಲಿಗೆ ಎಂದು ಮೂಗು ಮುರಿಯುತ್ತಿದ್ದವರೆಲ್ಲ ಒಂದೇ ಬಾವಿಗೆ ಹಗ್ಗ ಬಿಡುತ್ತಿದ್ದೇವೆ. ಊರಿಗೆ ಬರುವವರನ್ನು ಯಾರೂ ತಡೆಯುವುದಿಲ್ಲ. ಊರು ಬಿಟ್ಟು ಹೋಗುವವರಿಗೆ ಪಾಸು ಬೇಕು, ಆ ಪಾಸು ಕೊಡುವುದನ್ನೇ ನಿಲ್ಲಿಸಿದ್ದಾರೆ. ಧಾರವಾಡದ ಸಾಲೆಯಲ್ಲಿ ಕಲಿಸುತ್ತಿರುವ ನಮ್ಮ ರಾಘವೇಂದ್ರನಿಗೆ, ಸತ್ತರೂ ಈ ಕಡೆ ಕಾಲಿಡಬೇಡ ಎಂದು ಬರೆದಿದ್ದೇನೆ. ನನಗೆ ಇರುವವನು ಅವನೊಬ್ಬನೇ.

ಬಳೆಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಗೋದೂನ ಕೈಯಿಂದಲೇ ನಾಲ್ಕು ಸಾಲು ಬರೆಸಿರಿ. ಅವಳ ಅಕ್ಷರ ನೋಡದೆ ನನಗೆ ಹೊತ್ತು ಹೋಗುತ್ತಿಲ್ಲ.

ತುಳಸೀಬಾಯಿ


ಬಾದಾಮಿ
೩ ನವೆಂಬರ್ ೧೯೦೩

ಬೀಗಿತ್ತಿಯವರಿಗೆ ನಮಸ್ಕಾರ.

ನಾವು ಇಲ್ಲಿ ಎಲ್ಲರೂ ಕ್ಷೇಮ. ಗೋದಾವರಿಯೂ ಕ್ಷೇಮ. ಬರೆಯುತ್ತೇನೆ ಎಂದು ಕೂತವಳಿಗೆ ನಿದ್ದೆ ಹತ್ತಿತು, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಬಲಗೈ ಸ್ವಲ್ಪ ಬಾತಿದೆ. ಬಸುರಿಯರಿಗೆ ಕೈಕಾಲು ಬಾಯುವುದು ಇದ್ದದ್ದೇ.

ನಮ್ಮ ನೆರೆಮನೆಯವರು ಒಂದು ಮಾತು ಕೇಳುತ್ತಿದ್ದರು. ಪ್ಲೇಗಿನ ಗಂಟು ಕಂಕುಳಲ್ಲಿಯೂ ಏಳುತ್ತದೆಯೇ? ಎದ್ದರೆ ಜ್ವರ ಮೊದಲು ಬರುತ್ತದೆಯೋ ಗಂಟು ಮೊದಲೋ? ನಿಮ್ಮ ಯಜಮಾನರು ಆ ರೋಗದಲ್ಲಿಯೇ ಹೋದವರಾದ್ದರಿಂದ ನಿಮಗೆ ತಿಳಿದಿರಬಹುದು ಎಂದು ಕೇಳಿದೆ. ತಪ್ಪು ತಿಳಿಯಬಾರದು. ಟಪಾಲಿನವನು ನಿಂತಿದ್ದಾನೆ, ಮುಗಿಸುತ್ತೇನೆ.

ಮಥುರಾಬಾಯಿ


ಬಾಗಲಕೋಟೆ, ಗುಡಿಸಲು
೫ ನವೆಂಬರ್ ೧೯೦೩

ಮಥುರಾಬಾಯಿಯವರೇ,

ನಿಮ್ಮ ನೆರೆಮನೆಯವರಿಗೆ ಹೆಸರಿಲ್ಲವೇ? ಇದ್ದಿದ್ದರೆ ನೀವು ಅವರ ಏಳು ತಲೆಮಾರನ್ನು ಬರೆಯುತ್ತಿದ್ದಿರಿ. ನಿಮ್ಮ ಸ್ವಭಾವ ನನಗೆ ಗೊತ್ತು. ಅಂಗೈ ಅಗಲದ ಕಾಗದದಲ್ಲಿ ಎರಡು ಸಲ ಕ್ಷೇಮ ಎಂದು ಬರೆಯುವವರು ಕ್ಷೇಮವಾಗಿರುವುದಿಲ್ಲ.

ಗಂಟು ಎದ್ದಿರುವುದು ನಮ್ಮ ಗೋದೂಗೆ. ಹೌದೋ ಅಲ್ಲವೋ?

ಇಷ್ಟು ಹೇಳಿರಿ. ಗಂಟು ಯಾವ ಕಂಕುಳಲ್ಲಿದೆ? ಬಲಗಡೆಯೇ? ಬಳೆಯ ಚೂರು ತಾಗಿದ ಕೈ ಬಲಗೈ ಎಂದು ನೀವೇ ಬರೆದಿದ್ದಿರಿ, ಬಾತದ್ದೂ ಅದೇ ಕೈ. ಕಾಲಿಗೆ ಮುಳ್ಳು ನಟ್ಟು ಕೀವಾದರೆ ಅದೇ ಕಡೆಯ ತೊಡೆಸಂದಿಯಲ್ಲಿ ಗಂಟು ಏಳುವುದಿಲ್ಲವೇ? ರಾಘುವಿಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಎದ್ದಿಲ್ಲ! ನಮ್ಮ ಯಜಮಾನರ ಮೈಮೇಲೆ ಒಂದು ಗೀರೂ ಇರಲಿಲ್ಲ. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆ ಜ್ವರದಲ್ಲಿ ಬಂದು ಮಲಗಿದರು, ಆಮೇಲೆ ಗಂಟು ಕಂಡಿತು. ಇದು ಬೇರೆ ಇರಬೇಕು ಎಂದು ನನ್ನ ಮನಸ್ಸು ಹೇಳುತ್ತಿದೆ. ಬಳೆ ಸರಿಸಿ, ಅದರ ಕೆಳಗೆ ಏನಾಗಿದೆ ನೋಡಿ ಬರೆಯಿರಿ. ಬಚ್ಚಿಟ್ಟರೆ ನಾನು ನಿಮ್ಮನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ತುಳಸೀಬಾಯಿ


ಬಾದಾಮಿ
೬ ನವೆಂಬರ್ ೧೯೦೩, ಮುಂಜಾನೆ

ತುಳಸೀಬಾಯಿಯವರೇ,

ಹೌದು. ನಮ್ಮ ಗೋದೂಗೇ. ಇನ್ನು ಬಚ್ಚಿಡುವುದಿಲ್ಲ.

ಬಂದ ನಾಲ್ಕನೆಯ ದಿನವೇ ಜ್ವರ ಬಂತು. ಹಲ್ಲು ಕಟಕಟ ಎನ್ನುವಂಥ ಚಳಿ. ಆಮೇಲೆ ಬಲಗಡೆಯ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು. ಪ್ಲೇಗಿನ ಊರಿನಿಂದ ಬಂದವಳು, ಜ್ವರ, ಗಂಟು, ಯಾರಾದರೂ ಏನೆನ್ನುತ್ತಾರೆ? ಸರಕಾರದವರು ಮನೆಮನೆ ಹೊಕ್ಕು ನೋಡುತ್ತಿದ್ದಾರೆ. ಹಿಡಿದರೆ ಬಸುರಿಯನ್ನು ರೋಗಿಗಳ ಶೆಡ್ಡಿಗೆ ಒಯ್ಯುತ್ತಾರೆ, ಅಲ್ಲಿಂದ ತಿರುಗಿ ಬಂದವರನ್ನು ನಾನು ಕಂಡಿಲ್ಲ. ದೇವರ ಕೋಣೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿದೆವು. ನಮ್ಮ ಮನೆಯವರು ಜಗುಲಿಯ ಮೇಲೆ ಕೂತು ಬಂದವರಿಗೆಲ್ಲ "ಮಗಳು ಬನಶಂಕರಿಗೆ ಹೋಗ್ಯಾಳ್ರಿ" ಎಂದು ಹೇಳುತ್ತ ಬಂದರು. ಸುಳ್ಳು ಆಡಿ ಗೊತ್ತಿಲ್ಲದ ಜೀವ.

ನಿಮ್ಮ ಕಾಗದ ಈಗ ಬಂತು. ಓದಿ ಕೈ ನೋಡಿದೆ. ಬಳೆ ಸರಿಸುವುದೆಲ್ಲಿಂದ ಬಂತು! ಕೈ ಬಾತು ಬಳೆಗಳು ಮಾಂಸದೊಳಗೆ ಹೂತುಹೋಗಿವೆ. ನಡುನಡುವೆ ಚರ್ಮ ಕಪ್ಪಾಗಿ ನೀರುಗುಳ್ಳೆ ಎದ್ದಿವೆ, ವಾಸನೆ ಬರುತ್ತಿದೆ. ಮೊಳಕೈವರೆಗೆ ಕೆಂಪಗೆ ಗೆರೆ ಏರಿದೆ. ಅರಿಷಿಣದ ಮೇಲೆ ಅರಿಷಿಣ ಹಚ್ಚುತ್ತ ನಾನು ಏನು ಮುಚ್ಚುತ್ತಿದ್ದೆನೋ ದೇವರೇ ಬಲ್ಲ.

ನಿನ್ನೆಯಿಂದ ಜ್ವರ ಇಳಿದಿದೆ. ನಾನು ಹುಚ್ಚಿ, ಗುಣವಾಯಿತು ಎಂದು ತಿಳಿದೆ. ಈಗ ನೋಡಿದರೆ ಕೈಕಾಲು ತಣ್ಣಗಾಗಿವೆ, ತಣ್ಣನೆಯ ಬೆವರು, ನಾಡಿ ಬೆರಳಿಗೆ ಸಿಗುತ್ತಿಲ್ಲ. ನಿನ್ನೆಯಿಂದ ಒಂದು ಹನಿ ಮೂತ್ರ ಮಾಡಿಲ್ಲ. ನನ್ನ ಗುರುತು ಹಿಡಿಯದೆ "ಲಾಡಬೀ, ಸಾಕು ಬಿಡ, ಕೈ ನೋಯತಾವ" ಎಂದು ಒದರುತ್ತಾಳೆ. ಹೊಟ್ಟೆಯೊಳಗಿನ ಕೂಸು ಅಲುಗಾಡುವುದು ಕಡಿಮೆಯಾಗಿದೆ ಎಂದು ಸೂಲಗಿತ್ತಿ ಹುಚ್ಚವ್ವ ತಲೆ ತಗ್ಗಿಸಿಕೊಂಡು ಹೋದಳು.

"ಬಳಿ ತಗೀಬೇಕ್ರೀ ಅವ್ವಾರ" ಎಂದು ಹುಚ್ಚವ್ವನೂ ಹೇಳಿದಳು. ನಾನು ಹೇಗೆ ತೆಗೆಯಲಿ? ಅವು ನಿಮ್ಮ ಮನೆಯ ಬಳೆ. ನಿಮ್ಮ ಒಬ್ಬನೇ ಮಗನ ಆಯುಷ್ಯ. ನನ್ನ ಮಗಳನ್ನು ಉಳಿಸಿಕೊಳ್ಳಲು ಹೋಗಿ ನಿಮ್ಮ ಮಗನಿಗೆ ಏನಾದರೂ ಆದರೆ ನಾನು ಯಾವ ಬಾವಿಗೆ ಬೀಳಲಿ? ಇದಕ್ಕೆ ಹೂಂ ಅನ್ನಬೇಕಾದವರು ನೀವೊಬ್ಬರೇ.

ಟಾಂಗಾದ ಅಮೀನಸಾಬ ಈ ಕಾಗದ ಹಿಡಿದು ಈಗಿನ ಗಾಡಿಗೆ ಬರುತ್ತಿದ್ದಾನೆ. ಬಾಗಲಕೋಟೆಯ ಒಳಗೆ ಹೋದವನನ್ನು ಹೊರಗೆ ಬಿಡುವುದಿಲ್ಲ ಎಂದು ಹೇಳಿದೆ. "ಇರ್ಲಿ ಬಿಡ್ರಿ ಅವ್ವಾರ, ಕುದುರಿಗಿ ಹುಲ್ಲ ಹಾಕಸ್ರಿ ಸಾಕು" ಎಂದು ಹೊರಟುಬಿಟ್ಟ.

ಮಥುರಾ


ಬಾಗಲಕೋಟೆ, ಗುಡಿಸಲು
೬ ನವೆಂಬರ್ ೧೯೦೩, ಮಧ್ಯಾಹ್ನ

ಮಥುರಾಬಾಯಿ,

ಬಳೆ ಒಡೆಯಿರಿ. ಹೆಚ್ಚಿಸಿರಿ ಎಂದಲ್ಲ, ಒಡೆಯಿರಿ ಎಂದೇ ಬರೆಯುತ್ತಿದ್ದೇನೆ. ಎಷ್ಟಿವೆಯೋ ಅಷ್ಟನ್ನೂ ಒಡೆಯಿರಿ. ಪಂಚಾಂಗ ನೋಡಬೇಡಿರಿ, ದೇವರಿಗೆ ಹೂ ಏರಿಸಿ ಕೇಳಬೇಡಿರಿ, ಧಾರವಾಡಕ್ಕೆ ಕಾಗದ ಬರೆಯಬೇಡಿರಿ. ರಾಘುವನ್ನು ಹೆತ್ತವಳು ನಾನು. ನಾನು ಹೇಳುತ್ತಿದ್ದೇನೆ.

ನನ್ನ ಕೈಯಲ್ಲಿಯೂ ಬಳೆ ಇದ್ದವು. ಐದು ವರ್ಷದ ಹಿಂದೆ ಇಂಥದೇ ಗುಡಿಸಲಲ್ಲಿ ಅವರು ಪ್ರಾಣ ಬಿಟ್ಟಾಗ ಒಂದು ಬಳೆಗೂ ಬಿರುಕು ಬಂದಿರಲಿಲ್ಲ. ಬಳೆ ತುಂಬಿದ ಕೈಯಿಂದಲೇ ಅವರ ಬಾಯಿಗೆ ಕೊನೆಯ ನೀರು ಬಿಟ್ಟೆ. ಬಳೆ ಗಂಡನನ್ನು ಕಾಯುವ ಹಾಗಿದ್ದರೆ ಅವರು ಇವತ್ತು ಈ ಹೊಲದ ಬದುವಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿರಬೇಕಾಗಿತ್ತು. ಈ ಮಾತನ್ನು ನಾನು ಯಾರ ಮುಂದೆಯೂ ಆಡಿಲ್ಲ. ಆಡಿದ್ದರೆ ಗೋದೂನ ಕೈಗೆ ಆ ಪರಿ ಬಳೆ ಏರುತ್ತಿರಲಿಲ್ಲ.

ಕಾಗದ ಓದಿ ಸ್ಟೇಶನ್ನಿಗೆ ಓಡಿದೆ. ಪಾಸು ಇಲ್ಲ ಎಂದು ಸಿಪಾಯಿ ತಡೆದ. ಬೈದೆ, ಬೇಡಿಕೊಂಡೆ, ಅತ್ತೆ, ಬಿಡಲಿಲ್ಲ. ಅಲ್ಲಿಂದ ನಮ್ಮ ಗುಡಿಸಲ ಸಾಲಿನ ರೋಗಿಗಳನ್ನು ನೋಡುವ ಡಾಕ್ಟರ್ ಮುರ್ತುಜಸಾಬರ ಕಡೆ ಹೋದೆ. ಅವರಿಗೆ ಸರಕಾರದ ಪಾಸು ಇದೆ. ನಿಮ್ಮ ಕಾಗದ ಓದಿ ತೋರಿಸಿದೆ. "ಇದು ಪ್ಲೇಗ್ ಅಲ್ಲಂತ ಕಾಣಸ್ತದ ಬಾಯಾರ, ಕೈಯಾನ ಕೀವು ರಕ್ತಕ್ಕ ಏರೇದ. ಇವತ್ತ ಕೊಯ್ದ್ರ ಉಂಟು, ನಾಳಿ ಇಲ್ಲ" ಎಂದು ಪೆಟ್ಟಿಗೆ ಎತ್ತಿಕೊಂಡರು. ಈ ಕಾಗದ ನಿಮ್ಮ ಕೈಗೆ ಕೊಡುತ್ತಿರುವವರೇ ಅವರು.

ಅವರನ್ನು ಜಗುಲಿಯ ಮೇಲೆ ನಿಲ್ಲಿಸಿದಿರೋ, ಗಂಡಸು ಮುಟ್ಟಬಾರದು, ಅನ್ಯಜಾತಿಯವರು ಒಳಗೆ ಬರಬಾರದು ಎಂದಿರೋ, ನನ್ನ ನಿಮ್ಮ ಸಂಬಂಧ ಅಲ್ಲಿಗೆ ಹರಿಯಿತು. ಅವರು ಹೇಳಿದ್ದು ಮಾಡಿರಿ, ಕೊಟ್ಟದ್ದು ಕುಡಿಸಿರಿ. ದೋಷ ಬರುವುದಿದ್ದರೆ ನನ್ನ ತಲೆಯ ಮೇಲೆ ಬರಲಿ. ನನ್ನ ತಲೆಗೆ ಇನ್ನೇನು ಆಗುವುದಿದೆ!

ತುಳಸೀಬಾಯಿ


ಬಾಗಲಕೋಟೆ, ಗುಡಿಸಲು
೯ ನವೆಂಬರ್ ೧೯೦೩

ಮಥುರಾಬಾಯಿ,

ಮೂರು ದಿನವಾಯಿತು. ನಿಮ್ಮಿಂದ ಒಂದು ಅಕ್ಷರವಿಲ್ಲ. ಡಾಕ್ಟರೂ ತಿರುಗಿ ಬಂದಿಲ್ಲ. ಗಾಡಿ ಬರುವ ಹೊತ್ತಿಗೆ ನಾನೂ ಅಮೀನಸಾಬನೂ ಸ್ಟೇಶನ್ನಿನ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತೇವೆ. ಟಪಾಲಿನವನು ನಮ್ಮನ್ನು ಕಂಡರೆ ಆ ಕಡೆ ಮುಖ ತಿರುಗಿಸುತ್ತಾನೆ. ಲಾಡಬಿ ಬಳೆಯ ಬುಟ್ಟಿಯನ್ನು ಮುಟ್ಟುತ್ತಿಲ್ಲ, ಊಟ ಬಿಟ್ಟು ಕೂತಿದ್ದಾಳೆ.

ನನಗೆ ಭಯವಾಗಿದೆ. ಅವಳನ್ನು ಸೊಸೆ ಎಂದು ಕರೆತಂದವಳು ನಾನು, ಬಯ್ಯುತ್ತಲೇ ಇದ್ದೆ, ಎಂದೂ ಒಂದು ಒಳ್ಳೆಯ ಮಾತು ಬಾಯಿ ಬಿಟ್ಟು ಆಡಲಿಲ್ಲ. ಕೆನೆ ಅವಳಿಗಾಗಿಯೇ ಇಡುತ್ತಿದ್ದೆ. ಇದ್ದರೆ ಇದ್ದಾಳೆ ಎನ್ನಿರಿ. ಇಲ್ಲವಾದರೆ ಅದನ್ನಾದರೂ ಬರೆಯಿರಿ.

ತುಳಸಿ


ಬಾದಾಮಿ
೧೦ ನವೆಂಬರ್ ೧೯೦೩

ಅಕ್ಕಾ,

ಇದ್ದಾಳೆ! ಗೋದೂ ಇದ್ದಾಳೆ, ಹೊಟ್ಟೆಯೊಳಗಿನ ಕೂಸೂ ಇದೆ. ಮೊದಲು ಇದನ್ನು ಓದಿ ನೀರು ಕುಡಿಯಿರಿ, ಲಾಡಬಿಗೂ ಅಮೀನಸಾಬನಿಗೂ ಉಣ್ಣಲು ಹೇಳಿರಿ, ಆಮೇಲೆ ಮುಂದಿನದನ್ನು ಓದಿರಿ. ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಏನೆಂದು ಬರೆಯಲಿ? ಮುಂಜಾನೆ ಉಳಿಯುತ್ತಾಳೆ ಎನ್ನಿಸಿದರೆ ಮಧ್ಯಾಹ್ನ ಹೋದಳು ಎನ್ನಿಸುತ್ತಿತ್ತು.

ಡಾಕ್ಟರು ಬಂದವರೇ ಕತ್ತಲೆ ಕೋಣೆಯ ಬಾಗಿಲು ತೆಗೆಸಿದರು. "ಬೆಳಕ ಬೇಕು, ಗಾಳಿ ಬೇಕು, ಎತ್ರಿ ಹೊರಗ" ಎಂದರು. ನಮ್ಮ ಮನೆಯವರೇ ಮಗಳನ್ನು ಎತ್ತಿ ಪಡಸಾಲೆಗೆ ತಂದರು. ಕಂಕುಳು ನೋಡಿ, ಕೈ ನೋಡಿ, "ತಾಯಿ, ಇದು ಪ್ಲೇಗ್ ಅಲ್ಲ. ನೀವು ಬಾಗಲಾ ಹಾಕಿ ಕಾದದ್ದು ಬ್ಯಾರೆ ಕಳ್ಳನ್ನ, ಕಳ್ಳ ಇಲ್ಲೇ ಬಳಿ ಕೆಳಗ ಕುಂತಾನ" ಎಂದರು. ಆಮೇಲೆ ಒಂದು ಕಟ್ಟಿಗೆಯ ನಳಿಕೆಯನ್ನು ಅವಳ ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದರು. "ಕೂಸಿನ ಎದಿ ಬಡೀಲಿಕ್ಕತ್ತದ" ಎಂದರು.

ಬಳೆ ತೆಗೆಯಲು ಅವರು ಇಕ್ಕಳ ಹಿಡಿದರು. ನಾನು ಕೈ ಚಾಚಿದೆ. "ನನಗ ಅಪ್ಪಣಿ ಆಗೇದ, ನಾನೇ ಒಡೀತೇನಿ" ಎಂದೆ. ಅವರು ತೆಳ್ಳನೆಯ ತಗಡೊಂದನ್ನು ಬಳೆಯ ಕೆಳಗೆ ತೂರಿಸಿ ಎತ್ತಿ ಹಿಡಿದರು, ನಾನು ಒಂದೊಂದಾಗಿ ಚಿವುಟಿದೆ. ಮೊದಲನೆಯದಕ್ಕೆ ಬನಶಂಕರಿಯ ಹೆಸರು ಹೇಳಿದೆ. ಎರಡನೆಯದಕ್ಕೆ ಅತ್ತೆ. ಆಮೇಲೆ ಸಿಟ್ಟು ಬಂತು ಅಕ್ಕಾ, ಎಲ್ಲಿಲ್ಲದ ಸಿಟ್ಟು, ಒಡೆದೆ, ಒಡೆದೆ, ಒಡೆದೆ. ಹೌದು, ಒಡೆದೆ ಎಂದೇ ಬರೆಯುತ್ತಿದ್ದೇನೆ.

ಕೊಯ್ದಾಗ ಬಂದ ಕೀವಿನ ಮಾತು ಬೇಡ. ಅದರೊಳಗಿಂದ ಅಕ್ಕಿ ಕಾಳಿನಷ್ಟು ಹಸಿರು ಗಾಜಿನ ಚೂರು ಬಂತು. ಅವಳಿಗೆ ಕೊಯ್ದದ್ದು ಗೊತ್ತೂ ಆಗಲಿಲ್ಲ, ಅದಕ್ಕೇ ನಾನು ಹೆಚ್ಚು ಹೆದರಿದೆ. ಕಾಯಿಸಿ ಆರಿಸಿದ ಉಪ್ಪುನೀರನ್ನು ರಬ್ಬರಿನ ನಳಿಕೆಗೆ ಸೂಜಿ ಹಚ್ಚಿ ತೊಡೆಯ ಚರ್ಮದ ಕೆಳಗೆ ಬಿಟ್ಟರು. ಬಿಸಿ ಇಟ್ಟಂಗಿಯನ್ನು ಅರಿವೆಯಲ್ಲಿ ಸುತ್ತಿ ಕಾಲಿಗೆ ಒತ್ತಿದೆವು. ಚಮಚದಲ್ಲಿ ಬ್ರಾಂಡಿ ಹಾಕಬೇಕು ಎಂದಾಗ ನಾನು ನಮ್ಮ ಮನೆಯವರ ಮುಖ ನೋಡಿದೆ. ಬೀದಿಯಲ್ಲಿ ಆ ವಾಸನೆ ಬಂದರೂ ಸ್ನಾನ ಮಾಡುವವರು. "ಇಲ್ಲೆ ಕೊಡ್ರಿ" ಎಂದು ಚಮಚ ತೆಗೆದುಕೊಂಡು ತಾವೇ ಮಗಳ ಬಾಯಿಗೆ ಹನಿ ಹನಿ ಬಿಟ್ಟರು.

ಡಾಕ್ಟರು ಮನೆಗೆ ಹೋಗಲಿಲ್ಲ. ನಮ್ಮ ಪಡಸಾಲೆಯಲ್ಲಿಯೇ ಕೂತು ದಿನಕ್ಕೆ ನಾಲ್ಕು ಸಲ ಗಾಯ ತೊಳೆದು, ಮತ್ತೆ ಉಪ್ಪುನೀರು ಬಿಟ್ಟು, ನಾಡಿ ಹಿಡಿದುಕೊಂಡೇ ಇದ್ದರು. ನಿನ್ನೆ ನಾಡಿ ಬೆರಳಿಗೆ ಬಡಿಯಿತು. ನಿನ್ನೆಯೇ ಅವಳು ಮೂತ್ರ ಮಾಡಿದಳು. ನಗಬೇಡಿರಿ ಅಕ್ಕಾ, ಅದಕ್ಕೆ ನಾನು ಬನಶಂಕರಿಗೆ ತುಪ್ಪದ ದೀಪ ಹಚ್ಚಿದೆ. ಇವತ್ತು ಮುಂಜಾನೆ ಕಣ್ಣು ತೆರೆದು ನನ್ನನ್ನೇ ನೋಡಿ, "ಅವ್ವಾ, ಹಸಿವಿ ಆಗ್ಯದ. ಕೆನಿ ಅದ ಏನು?" ಎಂದು ಕೇಳಿದಳು. ಹೊಟ್ಟೆಯೊಳಗಿನದು ಅದೇ ಹೊತ್ತಿಗೆ ಒದೆಯಿತು, ಹುಚ್ಚವ್ವ ಕುಣಿಯುವುದೊಂದು ಬಾಕಿ.

ಇನ್ನೂ ಜ್ವರ ಇದೆ, ಕೈ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಆದರೆ ಗಂಡಾಂತರ ದಾಟಿತು ಎಂದು ಡಾಕ್ಟರು ಹೇಳಿದ್ದಾರೆ, ಇನ್ನು ಮೂರು ದಿನಕ್ಕೆ ಹೊರಡುತ್ತಾರೆ. ಇವತ್ತು ಅವರನ್ನು ಒಳಗೆ ಕೂರಿಸಿ ಎಲೆ ಹಾಕಿ ಬಡಿಸಿದೆ.

ನಿಮ್ಮ ತಂಗಿ
ಮಥುರಾ


ಬಾಗಲಕೋಟೆ, ಗುಡಿಸಲು
೧೨ ನವೆಂಬರ್ ೧೯೦೩

ಮಥುರಾ,

ಬೇಲಿಯ ಹತ್ತಿರವೇ ಒಡೆದು ಓದಿದೆ. ಮೊದಲ ಸಾಲಿಗೇ ನಾನು ಕೂಗಿದ ಕೂಗಿಗೆ ಯಾರೋ ಸತ್ತರೆಂದು ಗುರುಲಿಂಗವ್ವ ಎದೆ ಬಡಿದುಕೊಳ್ಳುತ್ತ ಬಂದಳು. "ಸತ್ತಿಲ್ಲ, ಬದುಕ್ಯಾಳ!" ಎಂದು ಹೇಳಿದರೆ ಅವಳೂ ಕೂಗಿದಳು. ಅಮೀನಸಾಬ ತಲೆಯ ಮೇಲಿನ ರುಮಾಲು ತೆಗೆದು ಮೇಲೆ ತೂರಿದ. ಈ ಸಾಲಿನಲ್ಲಿ ಹದಿನೈದು ದಿನದಿಂದ ಹೆಣ ಎತ್ತುವುದನ್ನಷ್ಟೇ ಕಂಡ ಜನ, ಒಂದು ಹುಡುಗಿ ಉಳಿದಳು ಎಂದು ಗುಡಿಸಲು ಗುಡಿಸಲಿಗೆ ಬೆಲ್ಲ ಹಂಚಿದರು. ಲಾಡಬಿ ಉಂಡಳು.

ರಾಘುವಿನ ಕಾಗದವೂ ಇಂದೇ ಬಂತು. ಹೆಂಡತಿಯ ಬಳೆ ಒಡೆದ ದಿನ ನಿಮ್ಮ ಅಳಿಯನಿಗೆ ಏನು ಕೇಡಾಯಿತು, ಕೇಳಬೇಕೇ? ಗೆಳೆಯನ ಮನೆಯಲ್ಲಿ ಹೋಳಿಗೆ ಊಟವಂತೆ. ಕೋಟಿನ ಗುಂಡಿ ಹತ್ತುತ್ತಿಲ್ಲ, ಹೊಸದು ಹೊಲಿಸಬೇಕು ಎಂದು ಬರೆದಿದ್ದಾನೆ. ಕೋಟು ಆಮೇಲೆ ಹೊಲಿಸು, ಮೊದಲು ಬಾದಾಮಿಗೆ ಹೋಗಿ ಹೆಂಡತಿಯ ಕೈ ಹಿಡಿದು ಕೂಡು ಎಂದು ಉತ್ತರ ಹಾಕಿದ್ದೇನೆ.

ಕೆನೆ ಕೇಳಿದರೆ ಇಲ್ಲ ಎನ್ನಬೇಡಿರಿ.

ತುಳಸಿ


ಬಾದಾಮಿ
೨೨ ಜನವರಿ ೧೯೦೪

ಅಕ್ಕಾ,

ಅಳಿಯಂದಿರು ತಿಳಿಸಿಯೇ ಇರುತ್ತಾರೆ, ಆದರೂ ನನ್ನ ಕೈಯಿಂದ ಬರೆಯದೆ ಸಮಾಧಾನವಿಲ್ಲ. ಭಾನುವಾರ ಗೋದೂ ಹೆತ್ತಳು. ಹೆಣ್ಣು ಕೂಸು, ಗುಂಡುಗುಂಡಾಗಿದೆ. ಅದರ ದನಿ ಕೇಳಿದರೆ ಯಾವ ಮನೆಯ ಗಂಟಲು ಎಂದು ಯಾರೂ ಕೇಳಬೇಕಾಗಿಲ್ಲ, ಬಾಗಲಕೋಟೆಯದೇ. ಗೋದೂನ ಬಲಗೈಯ ಎರಡು ಬೆರಳು ಮಡಿಚುವುದಿಲ್ಲ. ಮೊಳಕೈವರೆಗೆ ಗಾಯದ ಗೆರೆ ಇದೆ. ಎಡಗೈಯಿಂದ ಕೂಸನ್ನು ಎತ್ತಿ ಎದೆಗೆ ಹಾಕಿಕೊಳ್ಳುವುದನ್ನು ಕಲಿತಿದ್ದಾಳೆ.

ಮುಂದಿನ ಶುಕ್ರವಾರ ತೊಟ್ಟಿಲು. ಪ್ಲೇಗು ಹೋಯಿತು, ಗುಡಿಸಲು ಬಿಚ್ಚಿದರು ಎಂದು ಕೇಳಿದೆ. ಈಗ ಪಾಸಿನ ನೆಪ ನಡೆಯುವುದಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವವರು ನೀವು. ಕಿವಿಯಲ್ಲಿ ಹೆಸರು ಹೇಳುವವರೂ ನೀವೇ.

ನಮ್ಮ ನಾದಿನಿ ನಿನ್ನೆ ಬಂದು, "ಮಥುರಾ, ಚೊಚ್ಚಲ ಕೂಸಿನ ತೊಟ್ಟಲಕ್ಕ ಮುತ್ತೈದಿ ಕೈ ಬೇಕವಾ. ತಲಿ ಬೋಳಿಸಿದಾಕಿ ಮುಂದ ಬಂದು ನಿಂತ್ರ ಹೆಂಗ?" ಎಂದಳು. ಹತ್ತು ಜನ ಹೆಂಗಸರ ಮುಂದೆ ಹೇಳಿದೆ ಅಕ್ಕಾ: "ಆ ಕೂಸು ಇರೋದೇ ಆಕಿ ಕೈಯಿಂದ. ಆಕಿ ಮುಂದ ನಿಲ್ಲಾಕಿನ. ನಿಮಗ ನೋಡಲಿಕ್ಕೆ ಆಗದಿದ್ರ ನೀವು ಅಡಿಗಿಮನ್ಯಾಗ ಕೂಡ್ರಿ." ನನ್ನ ಬಾಯಿಂದ ಇಂಥ ಮಾತು ಬಂದೀತೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಮನೆಯವರು ಜಗುಲಿಯಿಂದಲೇ, "ಬರೋಬ್ಬರಿ ಹೇಳಿದಿ" ಎಂದರು. ನಾದಿನಿ ಬರುತ್ತಾಳಂತೆ, ಮುಂದೆಯೇ ಕೂಡುತ್ತಾಳಂತೆ.

ಬರುವುದಿಲ್ಲ ಎಂದು ಬರೆದರೆ ಕೂಸಿಗೆ ಹೆಸರಿಲ್ಲ.

ಮಥುರಾ


ಬಾಗಲಕೋಟೆ
೨೫ ಜನವರಿ ೧೯೦೪

ಮಥುರಾ,

ನಿನ್ನ ಕಾಗದ ಓದಿ ಬಹಳ ಹೊತ್ತು ಅತ್ತೆ. ದುಃಖಕ್ಕಲ್ಲ. ಐದು ವರ್ಷದಿಂದ ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ ಹಿತ್ತಲ ಬಾಗಿಲಿನಿಂದ ಹೊಕ್ಕು, ಒಲೆಯ ಮುಂದೆ ಕೂತು, ಎಲ್ಲರಿಗೂ ಬೇಯಿಸಿ ಹಾಕಿ, ಯಾರ ಕಣ್ಣಿಗೂ ಬೀಳದೆ ತಿರುಗಿ ಬಂದವಳು ನಾನು. ಗೋದೂನ ಕುಬಸವನ್ನೂ ಕಣ್ಣಿಂದ ನೋಡಲಿಲ್ಲ, ಒಳಗಿನ ಕೋಣೆಯಿಂದ ಹಾಡು ಕೇಳಿದೆ ಅಷ್ಟೆ. ನನ್ನನ್ನು ಮುಂದೆ ಬಾ ಎಂದು ಕರೆದವಳು ನೀನೇ ಮೊದಲು.

ಗುರುವಾರದ ಗಾಡಿಗೆ ಬರುತ್ತೇನೆ. ಅಮೀನಸಾಬನಿಗೆ ಹೇಳಿಟ್ಟಿರು, ಟಾಂಗಾವನ್ನು ಹಿತ್ತಲಿಗೆ ತಿರುಗಿಸುವುದು ಬೇಡ. ಮುಂಬಾಗಿಲಿಗೇ ತಂದು ನಿಲ್ಲಿಸಲಿ.

ತುಳಸಿ